ಕೊಂಬುಗಲ್ಲಿನ ಜೈತುನಬಿ

ಯಂಕಂಚಿಯಿಂದ ಸಿಂದಗಿಗೆ ಹೋಗುವ ರಸ್ತೆಯ ಬದಿ. ಮೂಡಲು ಈಗಷ್ಟೇ ಕೆಂಪೇರುತ್ತಿದೆ. ಕರಿಕಲ್ಲಿನ ರಾಶಿಯ ಮುಂದೆ ಜೈತುನಬಿ ಕುಕ್ಕರುಗಾಲಿನಲ್ಲಿ ಕೂತಿದ್ದಾರೆ. ಒಂದು ಕಲ್ಲನ್ನು ಪಾದದಿಂದ ಅದುಮಿ ಹಿಡಿದು, ಅದರ ಮೈಯನ್ನು ಹೆಬ್ಬೆರಳಿನಿಂದ ಸವರಿ, ಆಮೇಲೆ ಸುತ್ತಿಗೆ ಎತ್ತುತ್ತಾರೆ. ಒಂದೇ ಏಟಿಗೆ ಕಲ್ಲು ಎರಡಾಗುತ್ತದೆ. ಪಕ್ಕದವರು ಅದೇ ಗಾತ್ರದ ಕಲ್ಲಿಗೆ ನಾಲ್ಕು ಏಟು ಹಾಕುತ್ತಿದ್ದಾರೆ. ಸಂಜೆಯೊಳಗೆ ನಲವತ್ತು ಬುಟ್ಟಿ ಜಲ್ಲಿಖಡಿ ಬೀಳಬೇಕು. ಬಿಸಿಲು ಚುರುಕಾಗುವ ಮೊದಲೇ ಇವರು ಹದಿನೈದು ಮುಗಿಸಿರುತ್ತಾರೆ.

"ಕಲ್ಲಿಗೂ ಅರಿವಿ ಬಟ್ಟಿಗೆ ಇದ್ದಂಗ ಎಳಿ ಇರತೈತ್ರಿ. ಅದು ಕೈಗೆ ಸಿಕ್ಕರ ಜೋರು ಹಾಕೂದ ಬ್ಯಾಡ," ಎನ್ನುತ್ತಾರೆ, ಕೈ ನಿಲ್ಲಿಸದೆ.

ಈ ಕೈ ಆರು ಚಳಿಗಾಲ ತಿರುಚಿನಾಪಳ್ಳಿ ಸೀಮೆಯ ಅರಿಯಲೂರಿನಲ್ಲಿ ಸುಣ್ಣದಕಲ್ಲಿನೊಳಗಿಂದ ಕಡಲ ಜೀವಿಗಳನ್ನು ಬಿಡಿಸಿದೆ ಎಂಬುದು ರಸ್ತೆಯ ಮೇಸ್ತ್ರಿಗೆ ಗೊತ್ತಿಲ್ಲ. ಗೊತ್ತಾದರೂ ಬುಟ್ಟಿಗಳ ಲೆಕ್ಕವೇನೂ ಕಡಿಮೆಯಾಗದು.

ಜೈತುನಬಿ ಹುಟ್ಟಿದ್ದು ಮುದ್ದೇಬಿಹಾಳದ ಕಡೆಯ ಕಲ್ಲೊಡೆಯುವವರ ಮನೆಯಲ್ಲಿ. ಯಂಕಂಚಿಯ ಫಕೀರಸಾಬರನ್ನು ಮದುವೆಯಾಗಿ ಬಂದಾಗಲೂ ಜೊತೆಗೆ ಬಂದದ್ದು ಅದೇ ಕಸಬು. 1954ರಲ್ಲಿ ದೂರದ ಕಾಲೇಜೊಂದರ ಭೂಗರ್ಭಶಾಸ್ತ್ರದ ಪ್ರಾಧ್ಯಾಪಕರೊಬ್ಬರು ಬಸವನ ಬಾಗೇವಾಡಿಯ ಹತ್ತಿರ ಬಾವಿಗಳ ಕಲ್ಲು ಪರೀಕ್ಷಿಸಲು ಬಂದಿದ್ದರು. ಈ ದಂಪತಿ ಕಲ್ಲು ಸೀಳುವ ಹದ ನೋಡಿ, ಅದೇ ಚಳಿಗಾಲ ತಮ್ಮೊಂದಿಗೆ ಅರಿಯಲೂರಿಗೆ ಕರೆದೊಯ್ದರು.

ಒಂದು ಕಾಲಕ್ಕೆ ಕಡಲಿದ್ದ ಬಯಲು ಅದು. ಅಲ್ಲಿ ಸಿಗುತ್ತಿದ್ದದ್ದು ಟಗರಿನ ಕೊಂಬಿನಂತೆ ಸುರುಳಿ ಸುತ್ತಿದ ಅಮೊನೈಟ್ ಎಂಬ ಪ್ರಾಣಿಯ ಚಿಪ್ಪು, ಕೋಟ್ಯಂತರ ವರ್ಷಗಳಲ್ಲಿ ಕಲ್ಲಾಗಿ ಹೋದದ್ದು. ಜೈತುನಬಿ ಅದನ್ನು ಕೊಂಬುಗಲ್ಲು ಎಂದು ಕರೆದರು. ಕೆಲವು ಅಂಗೈಯಲ್ಲಿ ಮುಚ್ಚಿಡುವಷ್ಟು ಸಣ್ಣವು. ಕೆಲವನ್ನು ಎತ್ತಲು ಇಬ್ಬರು ಬೇಕು. ಬಹಳಷ್ಟು ಕೊಂಬುಗಳ ಮೈಗೆ ಸಿಂಪಿಗಳು ಕಚ್ಚಿಕೊಂಡಿರುತ್ತಿದ್ದವು. ಅವೂ ಕಲ್ಲಾದವೇ.

ಪ್ರಾಧ್ಯಾಪಕರಿಗೆ ಕಾಲೇಜಿನ ಗಾಜಿನ ಕಪಾಟಿಗೆ ಇಡಲು ಚೊಕ್ಕ ಸುರುಳಿ ಬೇಕಿತ್ತು. ಸಿಂಪಿ ಅವರ ಕಣ್ಣಿಗೆ ಕಸ. ಪ್ರಾಣಿ ಸತ್ತು ತಳ ಸೇರಿದ ಮೇಲೆ ಬಂದು ಅಂಟಿಕೊಂಡವು, ತೆಗೆದುಹಾಕಿ ಎಂದರು. ಫಕೀರಸಾಬರು ಚಾಣ ಹಿಡಿದು ಸಿಂಪಿ ಎಬ್ಬಿಸುವುದು, ಜೈತುನಬಿ ಕೊಂಬಿನ ಮೈ ಉಜ್ಜುವುದು. ದಿನಕ್ಕೆ ಹನ್ನೆರಡು ಹದಿಮೂರು ಕೊಂಬು. ನಾಲ್ಕು ಚಳಿಗಾಲ ಹೀಗೇ ನಡೆಯಿತು.

ಐದನೆಯ ಚಳಿಗಾಲದಲ್ಲಿ ಒಂದು ಕೊಂಬು ಸಿಕ್ಕಿತು. ಅದರಲ್ಲಿದ್ದ ಸಿಂಪಿ ಹೊರಗೆ ಅಂಟಿರಲಿಲ್ಲ. ಸುರುಳಿಯ ಎರಡು ಸುತ್ತುಗಳ ನಡುವೆ ಸಿಕ್ಕಿಬಿದ್ದಿತ್ತು. ಗಂಡ ಚಾಣ ಇಟ್ಟಾಗ ಜೈತುನಬಿ ಕೈ ಅಡ್ಡ ಹಿಡಿದರು. ಪ್ರಾಧ್ಯಾಪಕರು ಸಿಟ್ಟಾಗಿ ಏನೆಂದು ಕೇಳಿದರು.

"ನಾ ಅಂದೆ, ಸಾಹೇಬ್ರ, ಬೇವಿನ ಗಿಡಕ್ಕ ತಂತಿ ಕಟ್ಟಿದ್ರ ಗಿಡ ಬೆಳಕೋಂತ ತಂತೀನ ನುಂಗತೈತಿ. ಒಣಗಿದ ಗಿಡ ನುಂಗತೈತೇನ್ರಿ? ಈ ಸಿಂಪಿ ಕುಂತಾಗ ಇದು ಜೀವಂತ ಇತ್ತು. ಸಿಂಪಿ ಹೊತ್ಕೊಂಡ ಈಜಾಡೇತಿ, ಬೆಳದೇತಿ."

ಪ್ರಾಧ್ಯಾಪಕರು ಕಲ್ಲನ್ನು ಎರಡು ಸಲ ತಿರುಗಿಸಿ ನೋಡಿದರು, ಕರವಸ್ತ್ರದಲ್ಲಿ ಸುತ್ತಿ ಡೇರೆಗೆ ಒಯ್ದರು. ಮರುದಿನದಿಂದ ಅಪ್ಪಣೆ ಬದಲಾಯಿತು: ಯಾವ ಸಿಂಪಿಯನ್ನೂ ಮುಟ್ಟಬೇಡಿ, ಇಂಥವೇ ಇನ್ನಷ್ಟು ಹುಡುಕಿ.

ಆರನೆಯ ಚಳಿಗಾಲ ಆ ಹುಡುಕಾಟಕ್ಕೇ ಹೋಯಿತು. ಮಳೆಗೆ ಸಡಿಲಾದ ಹಳ್ಳದ ದಂಡೆಯೊಂದರ ಬುಡದಲ್ಲಿ ಒಳ್ಳೆಯ ಕೊಂಬುಗಳಿದ್ದವು. ಮೇಲಿನ ಮಣ್ಣು ಮೊದಲು ಇಳಿಸಬೇಕೆಂದು ಫಕೀರಸಾಬರು ಹೇಳಿದರು. ಅದಕ್ಕೆ ಎರಡು ದಿನ ಬೇಕು, ಮೂರನೆಯ ದಿನ ಹೊರಡಬೇಕಿದೆ ಎಂದರು ಪ್ರಾಧ್ಯಾಪಕರು. ಫಕೀರಸಾಬರು ಒಳಗೆ ಬಗ್ಗಿದರು. ಮಧ್ಯಾಹ್ನದ ರೊಟ್ಟಿ ಬಿಚ್ಚುವ ಹೊತ್ತಿಗೆ ದಂಡೆ ಕುಸಿಯಿತು.

"ಈ ಕೈಲೇ ಮಣ್ಣು ಬಗದೇನ್ರಿ. ಅಲ್ಲೇ ದಫನ್ ಮಾಡಿದ್ವಿ. ನಮ್ಮ ಮಾತು ತಿಳಿಯೋ ಊರಲ್ಲ. ಗೋರಿ ಮ್ಯಾಲ ಒಂದು ಕಲ್ಲ ಇಟ್ಟ ಬಂದೆ. ಈಗ ಐತೋ ಇಲ್ಲೋ."

ಮೂರನೆಯ ದಿನ ಶಿಬಿರ ಹೊರಟಿತು. ಕೊಂಬುಗಲ್ಲಿನ ಪೆಟ್ಟಿಗೆಗಳ ಜೊತೆ ಜೈತುನಬಿಯೂ ರೈಲು ಹತ್ತಿದರು.

ಕಳೆದ ವರ್ಷ, 1963ರಲ್ಲಿ, ಊರ ಶಾಲೆಯ ಮಾಸ್ತರ ಚನ್ನಬಸಯ್ಯನವರು ಬೇರೊಂದು ಕೆಲಸಕ್ಕೆ ಆ ಕಾಲೇಜಿಗೆ ಹೋದವರು ಪ್ರಾಧ್ಯಾಪಕರ ಅಚ್ಚಾದ ಲೇಖನವೊಂದನ್ನು ತಂದರು. ಇಂಗ್ಲಿಷಿನಲ್ಲಿತ್ತು. ಜೈತುನಬಿಯ ಅಂಗಳದಲ್ಲಿ ಕೂತು ಕನ್ನಡದಲ್ಲಿ ಓದಿ ಹೇಳಿದರು. ಆ ಕೊಂಬಿನ ಚಿತ್ರ ಇತ್ತು. ಸಿಂಪಿ ಕೂತಾಗ ಪ್ರಾಣಿ ಬದುಕಿತ್ತೆಂದು ತಾವು ಕಂಡುಕೊಂಡ ಬಗೆಯನ್ನು ಪ್ರಾಧ್ಯಾಪಕರು ವಿವರಿಸಿದ್ದರು. ಮರಕ್ಕೆ ಕಟ್ಟಿದ ತಂತಿಯ ಹೋಲಿಕೆಯೂ ಇತ್ತು. ಜೈತುನಬಿಯ ಹೆಸರಿರಲಿಲ್ಲ, ಸತ್ತವರ ಹೆಸರೂ ಇರಲಿಲ್ಲ. ಕೊನೆಯಲ್ಲಿ ಒಂದು ಸಾಲು ಮಾತ್ರ ಇತ್ತು: ಕೂಲಿಯಾಳುಗಳ ಅಜಾಗರೂಕತೆಯಿಂದ ನೂರಾರು ಮಾದರಿಗಳಲ್ಲಿ ಸಿಂಪಿಗಳು ಉದುರಿಹೋಗಿರುವುದು ವಿಷಾದದ ಸಂಗತಿ.

"ಆ ಸಾಲು ಮತ್ತೊಮ್ಮೆ ಓದ್ರಿ ಮಾಸ್ತರ ಅಂದ್ಲು. ಓದಿದೆ. ಎದ್ದು ಒಳಗ ಹೋದ್ಲು," ಎಂದು ಚನ್ನಬಸಯ್ಯನವರು ನೆನೆಯುತ್ತಾರೆ.

ಒಂದು ವಾರದ ಮೇಲೆ ಇಬ್ಬರೂ ಕಾಲೇಜಿಗೆ ಹೋದರು. ಪ್ರಾಧ್ಯಾಪಕರು ಗುರುತು ಹಿಡಿದರು, ಕುರ್ಚಿ ಹಾಕಿಸಿದರು, ಚಹಾ ತರಿಸಿದರು. ಆ ಸಾಲು ತೆಗೆಯಿರಿ ಎಂದು ಜೈತುನಬಿ ಕೇಳಿದರು.

"ಅಚ್ಚಾದದ್ದನ್ನು ತೆಗೆಯೋಕಾಗಲ್ಲಮ್ಮ. ಅದರಲ್ಲಿ ನಿಮ್ಮ ಹೆಸರೇ ಇಲ್ಲವಲ್ಲ, ನಿಮಗೇನು ನಷ್ಟ?" ಎಂದರು ಅವರು.

ಜೈತುನಬಿ ಚಹಾ ಕುಡಿಯದೆ ಎದ್ದು ಬಂದರು.

ರಸ್ತೆಯ ಬದಿಯಲ್ಲಿ ಈಗ ಬಿಸಿಲು ಏರಿದೆ. ಸೆರಗಿನಿಂದ ಹಣೆ ಒರೆಸಿಕೊಳ್ಳುತ್ತಿರುವ ಅವರನ್ನು ನಾನು ಕೇಳುತ್ತೇನೆ: ಅದನ್ನು ಮೊದಲು ಕಂಡವರು ನೀವೇ ಎಂದು ಪತ್ರಿಕೆಯಲ್ಲಿ ಬರೆಯಲೇ?

"ಅದು ಬ್ಯಾಡ್ರಿ. ಕಣ್ಣಿದ್ದವರಿಗೆ ಯಾರಿಗಾದ್ರೂ ಕಾಣತಿತ್ತು," ಎಂದು ಇನ್ನೊಂದು ಕಲ್ಲನ್ನು ಪಾದದ ಕೆಳಗೆ ಎಳೆದುಕೊಳ್ಳುತ್ತಾರೆ. "ನಮ್ಮ ಮನ್ಯಾವ್ರ ಕೈ ತಪ್ಪಿ ಒಂದು ಸಿಂಪೀನೂ ಉದುರಿಲ್ರಿ. ಸಾಹೇಬ್ರು ಉದುರಸು ಅಂದ್ರು, ಉದುರಿಸಿದ್ರು. ಇಷ್ಟ ಬರೀರಿ."