ಊಟದ ಕುರ್ಚಿಗೆ ಅವ್ವನ ಕಂಬಳಿ

ನಮ್ಮಪ್ಪಗ ಸಾಂಗ್ಲಿ ಗಾಳಿ ಬಡದದ್ದು ಎಪ್ಪತ್ತನೇ ಇಸವಿ ಆಚೀಚಿ. ಹೊಲದ ಖಟ್ಲೆಗೆ ಅಂತ ಅಲ್ಲಿ ವಕೀಲರ ಮನಿಗೆ ಹೋದಂವ, ಅವರು ಕುರ್ಚಿ ಮ್ಯಾಲ ಕುಂತು ಉಣ್ಣೂದು ನೋಡಿ ಬಂದ. ಅವತ್ತಿಂದ ದರಿಬಡಚಿ ಊರಾಗಿನ ನಮ್ಮ ಮನಿ ಅವನ ಕಣ್ಣಿಗೆ ಕುರಿದೊಡ್ಡಿ ಆತು. ಮುಂದಿನ ಸಲ ಹೋದಾಗ ಲಿಲಾವಿನ್ಯಾಗ ಆರು ಊಟದ ಕುರ್ಚಿ ಹಿಡದ. ಮೇಜು ಬಸ್ಸಿನ ಮ್ಯಾಲ ಏರಲಿಲ್ಲಂತ, ಅಲ್ಲೇ ಬಿಟ್ಟು ಬಂದ! ಮೇಜಿಲ್ಲದ ಊಟದ ಕುರ್ಚಿ. ಏನ ಶಾಣ್ಯಾತನ ಅಂತೀನಿ. ನಾವು ಮೊದಲಿನಂಗ ನೆಲಕ್ಕ ಕುಂತು ರೊಟ್ಟಿ ಮುರೀತಿದ್ವಿ. ಅಪ್ಪ ಮಾತ್ರ ಕುರ್ಚಿ ಏರಿ, ತೊಡಿ ಮ್ಯಾಲ ತಾಟ ಇಟ್ಟುಕೊಂಡು, ಧೋತರಕ್ಕೆಲ್ಲಾ ಸಾರು ಚೆಲ್ಲಿಕೋತಿದ್ದ.

ಆ ಕುರ್ಚಿಗಳ ಸೀಟು ಹರದು ಒಳಗಿನ ನಾರು ಹೊರಗ ಬಂದಿತ್ತು. ಅಷ್ಟರಾಗ ನನ್ನ ನೋಡಾಕ ಮಾಡಗ್ಯಾಳದವರು ಬರತಾರ ಅಂತ ಸುದ್ದಿ ಬಂತು. ಹುಡುಗ ಜತ್ತದಾಗ ಸಾಲಿ ಮಾಸ್ತರ. ಅವನ್ನ ನಾ ಸಂತ್ಯಾಗ ನೋಡಿದ್ದೆ, ಮನಸ್ಸಿಗೆ ಬಂದಿದ್ದ. ಈ ಸಂಬಂಧ ತಪ್ಪಬಾರದು ಅಂತ ದಿನಾ ದೇವರಿಗೆ ಕೈ ಮುಗೀತಿದ್ದೆ. ಅಪ್ಪಗ ನನ್ನ ಚಿಂತಿ ಇಲ್ಲ, ಕುರ್ಚಿ ಚಿಂತಿ.

"ಕಲತ ಮಂದೀನ ನೆಲಕ್ಕ ಕುಂದ್ರಸ್ತೀಯೇನು?" ಅಂತ ಅವ್ವಗ ಬೈದ.

ಜತ್ತದಾಗ ಗಾದಿ ಹೊಲಿಯಾವರಿಗೆ ಕೊಟ್ಟಿದ್ರ ಅವನ ಗಂಟೇನ ಹೋಗತಿತ್ತು? ಇಲ್ಲ, ಎಲ್ಲಾ ತಾನ ಮಾಡಬೇಕು. ಆಗಷ್ಟ ಕತ್ತರಿಸಿದ ಕುರಿ ತುಪ್ಪಟ ತಂದು, ತೊಳೀದನ, ಸೀಟಿನ್ಯಾಗ ತುರುಕಿದ. ಮ್ಯಾಲ ಹೊದಿಸಾಕ ಅರಿವಿ ಬೇಕಲ್ಲ? ಅವ್ವನ ಟ್ರಂಕು ತಗದು ಕರೀ ಕಂಬಳಿ ಎಳದ.

ನಮ್ಮಜ್ಜ ಕೈಯಾರೆ ನೇಯ್ದು ಅವ್ವನ ಲಗ್ನದಾಗ ಕೊಟ್ಟ ಕಂಬಳಿ ಅದು. ನಮ್ಮ ಕುರಿ ಕಾಯೋ ಮಂದ್ಯಾಗ ಲಗ್ನದ ಮಾತು ಕೊಡೂದು, ತಗೊಳ್ಳೂದು ಹಾಸಿದ ಕಂಬಳಿ ಮ್ಯಾಲ ಕುಂತನ. ಅದಕ್ಕ ಕತ್ತರಿ, ಮೊಳಿ ತಾಗಸೂದಿಲ್ಲ. ಅವ್ವ ಅಷ್ಟೂ ಹೇಳಿದಳು.

"ಕಂಬಳಿ ಮ್ಯಾಲ ಕುಂತಂಗೂ ಆತು, ಕುರ್ಚಿ ಮ್ಯಾಲ ಕುಂತಂಗೂ ಆತು, ಹುಚ್ಚಿ!" ಅಂತ ನಕ್ಕು ಅಪ್ಪ ಕತ್ತರಿ ಹಾಕಿದ. ಕಂಬಳಿ ಆರು ತುಂಡಾಗಿ, ಆರೂ ಸೀಟಿಗೆ ಮೊಳಿ ಬಿದ್ದವು. ಅವ್ವ ಒಳಗ ಹೋಗಿ ಜ್ವಾಳ ಬೀಸಾಕ ಕುಂತಳು. ಮನ್ಯಾಗ ಹಿಟ್ಟು ಬೇಕಾದಷ್ಟಿತ್ತು.

ಅವರು ಬಂದ ದಿನ ಕೆಟ್ಟ ಬಿಸಲು. ಪಡಸಾಲಿ ತುಂಬ ಈಗ ಖರೇನ ಕುರಿದೊಡ್ಡಿ ವಾಸನಿ. "ಬರ್ರಿ, ಕುಂದ್ರಿ" ಅಂತ ಅಪ್ಪ ಮೀಸಿ ತಿರುವಿದ. ಹುಡುಗನ ಅಜ್ಜ ಕುಂದ್ರಲಿಲ್ಲ, ಸೀಟಿನ ಅಂಚಿಗೆ ಬೆರಳಾಡಿಸಿದ.

"ಕಂಬಳಿಗೆ ಮೊಳಿ ಹೊಡದೀರಿ?"

"ಈಗಿನ ಪದ್ಧತಿ ರೀ ಅಜ್ಜಾರ," ಅಂದ ಅಪ್ಪ.

"ಹಂಗಾರ ಈ ಕುರ್ಚಿ ಕೂಡನ ಬೀಗತನ ಮಾಡ್ರಿ." ಅಜ್ಜ ಚಪ್ಪಲಿ ಮೆಟ್ಟಿದ. ಹುಡುಗನ ಅಪ್ಪ, ಅವ್ವ, ಹುಡುಗನೂ ಬಾಗಲಕ್ಕ ನಡದರು.

ನಾ ಒಳಗಿಂದ ಎಲ್ಲಾ ನೋಡಾಕತ್ತಿದ್ದೆ. ಕರಿಯೂತನಕ ಹೆಣ್ಣು ಹೊರಗ ಬರಬಾರದಂತ. ಹಾಳಾಗಿ ಹೋಗ್ಲಿ ಅಂತ ಬಂದೆ. ಒಂದು ಕುರ್ಚಿ ಕೆಡವಿ ಕಂಬಳಿ ಹಿಡದು ಜಗ್ಗಿದೆ. ನಮ್ಮಪ್ಪ ಹೊಡದ ಮೊಳಿ, ಅವೇನ ಗಟ್ಟಿ ಇರತಾವ? ಪಟಪಟ ಕಿತ್ತು ಬಂದವು. ಅವ್ವ ಬಂದು ಇನ್ನೊಂದು ಹಿಡದಳು. ತುಪ್ಪಟ ಪಡಸಾಲಿ ತುಂಬ ಹಾರಿತು. ಐದು ಕುರ್ಚಿ ಬರಿದು ಮಾಡಿ, ತುಂಡಿನ ಪಕ್ಕ ತುಂಡು ಹಾಸಿದ್ವಿ. ಅಜ್ಜ ನನ್ನ ಮಾರಿ ನೋಡಿ, ಚಪ್ಪಲಿ ಬಿಟ್ಟು ಬಂದು ಮೊದಲನೇ ತುಂಡಿನ ಮ್ಯಾಲ ಕುಂತ. ಹಿಂದ ಉಳದ ಮೂವರೂ ಕುಂತರು, ಅವ್ವನೂ ಕುಂತಳು.

ಆರನೇ ಕುರ್ಚಿ ಮಾತ್ರ ನಮ್ಮ ಕೈಗೆ ಸಿಕ್ಕಿರಲಿಲ್ಲ. ಅದರ ಮ್ಯಾಲ ಅಪ್ಪ ಕಾಲ ಮ್ಯಾಲ ಕಾಲ ಹಾಕಿ ಕುಂತಿದ್ದ.

"ಬೀಗರ, ಮಾತು ಕೊಡಾವ್ರು ನೀವು. ಕೆಳಗ ಬರ್ರಿ," ಅಂದ ಅಜ್ಜ.

ಅಪ್ಪ ಭಾಳೊತ್ತು ಮೊಳಕಾಲು ತಿಕ್ಕಿಕೊಂಡ. ಆಮ್ಯಾಲ ಇಳದ. ಕುಂದ್ರಾಕ ಕಂಬಳಿ ಇರಲಿಲ್ಲ. ಅವನ ಪಾಲಿನ ತುಂಡು ಅವನ ಕುರ್ಚಿಗೇ ಜಡದಿತ್ತು. ಬರೀ ನೆಲದ ಮ್ಯಾಲ ನಿಂತು ಎಲ್ಲಾರ ಮಾರಿ ನೋಡಿದ.

ಅವ್ವ ತನ್ನ ತುಂಡಿನ್ಯಾಗ ಅರ್ಧಕ್ಕ ಸರದು ಅವಗ ಜಾಗಾ ಬಿಟ್ಟಳು.

ನಾ ಆಗಿದ್ರ ಸರೀತಿದ್ದಿಲ್ಲ.