ಸೋಮವಾರದ ಉಪವಾಸ

ಡಾಕ್ಟರು ಕೊಟ್ಟ ಹಾಳೆಯಲ್ಲಿ ಇಪ್ಪತ್ತು ಪ್ರಶ್ನೆಗಳಿದ್ದವು. ದೊಡ್ಡ ಕರುಳಿನ ಹುಣ್ಣಿನ ಜೊತೆ ಆರು ವರ್ಷ ಸಂಸಾರ ಮಾಡಿದವನ ಬದುಕು ಹೇಗಿದೆ ಎಂದು ತಿಳಿಯಲು ಅಷ್ಟು ಸಾಕಂತೆ. ‘ಖರೇ ಖರೇ ಬರೀರಿ. ಔಷಧ ಬದಲಿ ಮಾಡೋದು ಇದರ ಮ್ಯಾಲೆ ಐತಿ’ ಎಂದು ಹೇಳಿ ಹೊರಗೆ ಕಳಿಸಿದರು. ಬೆಳಗಾವಿಯ ಆ ಆಸ್ಪತ್ರೆಯ ಬೆಂಚಿನ ಮೇಲೆ ಹೆಂಡತಿ ಪಕ್ಕದಲ್ಲೇ ಕುಳಿತಿದ್ದಳು. ತೊಂದರೆ ಅದೇ.

ಮೊದಲ ಪ್ರಶ್ನೆಗಳು ಸಲೀಸು. ದಿನಕ್ಕೆ ಎಷ್ಟು ಸಲ, ರಕ್ತ ಹೋಗುತ್ತದೆಯೇ, ನಿದ್ದೆ ಬರುತ್ತದೆಯೇ. ‘ನಿಮ್ಮ ಕಾಯಿಲೆಯಿಂದ ಮನೆಯವರಿಗೆ ತೊಂದರೆಯಾಗಿದೆಯೇ?’ ಎಂಬುದಕ್ಕೆ ‘ಇಲ್ಲ’ ಎಂದು ಗುರುತು ಹಾಕಿದೆ. ನನ್ನ ಹೊಟ್ಟೆ, ನನ್ನ ಪಾಡು. ಆಮೇಲೆ ಬಂತು: ‘ಪ್ರಯಾಣದ ಭಯಕ್ಕೆ ಊಟ ಬಿಟ್ಟಿದ್ದೀರಾ?’ ಪೆನ್ನು ಅಲ್ಲೇ ನಿಂತಿತು.

ಖಾನಾಪುರದಲ್ಲಿ ನನ್ನದು ಪಂಪ್‌ಸೆಟ್ಟಿನ ಬಿಡಿಭಾಗಗಳ ಅಂಗಡಿ. ಸುತ್ತಲಿನ ಬೀಡಿ, ಪಾರಿಶ್ವಾಡ ಊರುಗಳ ರೈತರು ಕೇಳುವ ಸಾಮಾನು ತರಲು ಪ್ರತಿ ಸೋಮವಾರ ಬೆಳಗಾವಿ ಹತ್ತಿರದ ಮಚ್ಛೆಯ ಕಾರ್ಖಾನೆಗಳಿಗೆ ಬಸ್ಸಿನಲ್ಲಿ ಹೋಗುತ್ತೇನೆ. ಒಂದು ಸಲ ಬಸ್ಸಿನಲ್ಲೇ ಹೊಟ್ಟೆ ಕೈಕೊಟ್ಟಿತ್ತು. ಅದನ್ನು ಬರೆಯಲು ಈಗಲೂ ನಾಚಿಕೆ. ಅಂದಿನಿಂದ ಸೋಮವಾರ ಏನೂ ತಿನ್ನದೆ ಹೊರಡುತ್ತೇನೆ. ಹೆಂಡತಿ ಕೇಳಿದಾಗ ‘ಶಿವನ ವಾರ, ಉಪವಾಸ ಹಿಡದೇನಿ’ ಎಂದುಬಿಟ್ಟೆ. ನಮ್ಮ ಕಡೆ ಉಪವಾಸಕ್ಕೆ ನಡೆಯುತ್ತದೆಂದು ಅವಳು ಸಾಬೂದಾಣಿ ಖಿಚಡಿ ಮಾಡಿ ಮುಂದಿಟ್ಟಳು. ‘ನಂದು ಕಡಕ್ ಉಪವಾಸ’ ಎಂದು ಅದನ್ನೂ ಸರಿಸಿದೆ. ಮರುವಾರದಿಂದ ಅವಳೂ ನನ್ನಂತೆಯೇ ಬರಿಹೊಟ್ಟೆಯಲ್ಲಿ ಇರತೊಡಗಿದಳು. ಸಂಜೆ ನಾನು ಬಂದ ಮೇಲೆಯೇ ಇಬ್ಬರಿಗೂ ಊಟ. ಹೀಗೆ ಎರಡು ವರ್ಷ.

ಸುಳ್ಳೂ ಈಗ ಪೂರ್ತಿ ಸುಳ್ಳಾಗಿ ಉಳಿದಿಲ್ಲ. ಸೋಮವಾರ ವಿಭೂತಿ ಹಚ್ಚಿಕೊಂಡು ಹೊರಟಾಗ ಮನಸ್ಸಿಗೆ ಹಿತವೆನಿಸುತ್ತದೆ. ಅದು ಭಕ್ತಿಯೋ, ಖಾಲಿ ಹೊಟ್ಟೆಯ ನಿಶ್ಚಿಂತೆಯೋ, ನನಗೇ ಬಗೆಹರಿಯದು. ಇಂಥವನಿಗೆ ಹೌದು, ಇಲ್ಲ ಎಂಬ ಎರಡೇ ಚೌಕ ಕೊಟ್ಟರೆ ಏನು ಮಾಡಬೇಕು? ‘ಇಲ್ಲ’ ಎಂದರೆ ನಾಟದ ಹಳೆಯ ಗುಳಿಗೆಯೇ ಗತಿ. ‘ಹೌದು’ ಎಂದರೆ ಇವಳು ಹಸಿದಿದ್ದೆಲ್ಲ ನನ್ನ ಸುಳ್ಳಿಗೆ ಎಂದಾಗುತ್ತದೆ. ಹಾಳೆಯನ್ನು ಕೈಯಿಂದ ಮರೆಮಾಡಿಕೊಂಡೆ.

‘ಯಾಕ ತಡವರಿಸ್ತೀರಿ? ನಾ ಆಗಲೇ ಓದೇನಿ. ಹೌದು ಅಂತ ಹಾಕ್ರಿ’ ಎಂದಳು.

ನಾನು ಅವಳ ಮುಖ ನೋಡಿದೆ.

‘ಖಿಚಡಿ ಅಂದ್ರ ಜೀವಾ ಬಿಡೋ ಮನಷ್ಯಾರು ನೀವು. ದೇವರ ಸಲುವಾಗಿ ಅದನ್ನ ಬಿಡ್ತೀರೇನು? ಮೊದಲನೇ ವಾರನ ತಿಳೀತು.’

‘ತಿಳದೂ ನೀ ಯಾಕ ಉಪವಾಸ ಮಾಡಿದಿ?’

‘ನೀವು ಹಸಗೊಂಡು ಬಸ್ ಹತ್ತಿದ ಮ್ಯಾಲೆ ನಂಗ ತುತ್ತು ಇಳೀಬೇಕಲ್ರಿ.’

ಸಿಟ್ಟು ಬಂತೋ ಅಳು ಬಂತೋ ತಿಳಿಯಲಿಲ್ಲ. ‘ಹೌದು’ ಎಂದು ಗುರುತು ಹಾಕಿದೆ. ಕಣ್ಣು ಹಿಂದಿನ ಪ್ರಶ್ನೆಗೆ ಹೋಯಿತು. ಮನೆಯವರಿಗೆ ತೊಂದರೆಯಾಗಿದೆಯೇ? ನಾನು ಹಾಕಿದ ‘ಇಲ್ಲ’ ಅಲ್ಲಿ ದಪ್ಪಗೆ ಕೂತಿತ್ತು. ಎದ್ದು ಹೋಗಿ ನರ್ಸ್ ಹತ್ತಿರ ಹೊಸ ಹಾಳೆ ಕೇಳಿದೆ.