ತೊಂಬತ್ತು ದಾಟಿದ ‘ಶೀ’

ನೆದರ್ಲೆಂಡ್ಸಿನ ಹೂಫ್‌ಡಾರ್ಪ್ ಆಫೀಸಿನ ನನ್ನ ಡಚ್ ಸಹೋದ್ಯೋಗಿ ಪೀಟರ್ ಊಟಕ್ಕೆ ಕೂತಾಗಲೆಲ್ಲ ಒಬ್ಬಳ ಕತೆಯನ್ನೇ ಹೇಳುತ್ತಿದ್ದ, ಇಂಗ್ಲಿಷಿನಲ್ಲಿ. ‘ಶೀ’ಗೆ ತೊಂಬತ್ತು ದಾಟಿದೆ. ಪ್ರಾಯದಲ್ಲಿ ರೇಸಿಗಿಳಿದರೆ ಅವಳನ್ನು ಹಿಂದೆ ಹಾಕಿದವರೇ ಇಲ್ಲ, ಪೇಪರಿನಲ್ಲೆಲ್ಲ ಅವಳದೇ ಫೋಟೊ. ಆಮೇಲೆ ಕೇಳುವವರಿಲ್ಲದೆ ಎಷ್ಟೋ ವರ್ಷ ಕೆಸರಿನಲ್ಲಿ ಬಿದ್ದಿದ್ದಳಂತೆ. ಪಾಪ, ಕಷ್ಟಕ್ಕೆ ಇವರು ಹಾಗನ್ನುತ್ತಾರೇನೋ ಅಂದುಕೊಂಡೆ.

“ಈಗ ಬೆನ್ನುಮೂಳೆ ಸರಿಹೋಗಿದೆ. ಶನಿವಾರ ಬಾ, ನೋಡುವೆಯಂತೆ” ಅಂದ.

ಮನೆಯಲ್ಲಿ ಹೇಳಿದೆ. “ವಯಸ್ಸಾದವರನ್ನ ನೋಡಾಕ ಹೊಂಟೀರಿ, ಬರಿಗೈಲೆ ಹೋಗಬ್ಯಾಡ್ರಿ” ಎಂದು ಹೆಂಡತಿ ಅರ್ಧ ಡಜನ್ ಬಾಳೆಹಣ್ಣು ಕೊಟ್ಟಳು. ಹಲ್ಲಿಲ್ಲದಿದ್ದರೂ ತಿನ್ನಬಹುದಲ್ಲ!

ಪೀಟರ್ ನನ್ನನ್ನು ಕರೆದೊಯ್ದು ನಿಲ್ಲಿಸಿದ್ದು ಕಾಲುವೆಯ ದಡದಲ್ಲಿ. ಎದುರಿಗೆ ಮಿರಮಿರ ಮಿಂಚುವ ಮರದ ಹಾಯಿದೋಣಿ. “ಇವಳೇ!” ಅಂದ.

ನಮ್ಮ ಬಾಯಲ್ಲಿ ದೋಣಿ ಎಂದೆಂದೂ ‘ಅದು’. ಅವನ ಬಾಯಲ್ಲಿ ‘ಶೀ’ ಆಗಿ ನನ್ನನ್ನು ಇಲ್ಲಿಯವರೆಗೆ ಎಳೆದು ತಂದಿತ್ತು. ಬೆನ್ನುಮೂಳೆ ಅಂದದ್ದು ಅದರ ತಳದ ಉದ್ದ ತೊಲೆಯನ್ನು. ಏನೂ ಆಗದವನಂತೆ ಹತ್ತಲು ಕಾಲೆತ್ತಿದೆ. ಅಷ್ಟರಲ್ಲಿ ಪೀಟರ್ ನನ್ನ ಚೀಲ ನೋಡಿ ಬೆಚ್ಚಿಬಿದ್ದ.

“ಬಾಳೆಹಣ್ಣಾ? ದೋಣಿಗೆ ತರಲೇಬಾರದು, ಅಪಶಕುನ!”

“ನಾವು ದೇವರ ಮುಂದೆ ಇಡೋ ಹಣ್ಣು ಕಣೋ” ಅಂದರೂ ಬಗ್ಗಲಿಲ್ಲ. ದಡದಲ್ಲೇ ಕೂತು ಇಬ್ಬರೂ ಆರೂ ಹಣ್ಣು ತಿಂದು ಮುಗಿಸಿದ ಮೇಲೆಯೇ ನನಗೆ ಪ್ರವೇಶ.

ಮನೆಗೆ ಬಂದಾಗ ಹೆಂಡತಿ ಕೇಳಿದಳು, “ಅಜ್ಜಿ ಹೆಂಗದಾರ್ರೀ?”

“ಗಟ್ಟಿ ಅದಾರ. ಆದ್ರ ಗಾಳಿ ಬಿಟ್ರ ಬ್ಯಾರೆ ಏನೂ ತಗೊಳ್ಳೂದಿಲ್ಲ.”